ಅಳುವವರು ಬೇಕಾಗಿದ್ದಾರೆ

ಬೆಳಿಗ್ಗೆ ಏಳೂವರೆಗೆ ಒಂದು ಕಾಗೆ ಬಂದು ರೇಣುಕಪ್ರಸಾದನ ತಲೆಯ ಮೇಲೆ ಕೂತಿತು. ಕಾಗೆಯದೇನೂ ತಪ್ಪಿಲ್ಲ. ಆ ಹೊತ್ತಿಗೆ ಅವನು ಮನೆಯೆದುರಿನ ಲೈಟುಕಂಬಕ್ಕೆ ಮುಖ ಕೊಟ್ಟು, ಅದೂ ಒಂದು ಕಂಬ ಇದೂ ಒಂದು ಕಂಬ ಎನ್ನುವ ಹಾಗೆ ಅಲುಗದೆ ನಿಂತಿದ್ದ. ಮೂವತ್ತು ದಿನದಲ್ಲಿ ಇಂಗ್ಲಿಷ್ ಕಲಿಸುತ್ತೇವೆ ಎಂಬ ಟ್ಯೂಷನ್ ಚೀಟಿಯೊಂದನ್ನು ಯಾರೋ ಕಂಬಕ್ಕೆ ಅಂಟಿಸಿ ಹೋಗಿದ್ದರು. ಅದರಲ್ಲಿ ಇಂಗ್ಲಿಷ್ ಎಂಬ ಪದದ ಸ್ಪೆಲಿಂಗೇ ತಪ್ಪಾಗಿತ್ತು. ರೇಣುಕಪ್ರಸಾದ್ ಜೇಬಿನಿಂದ ಕೆಂಪು ಮಾರ್ಕರ್ ತೆಗೆದು ತಿದ್ದುತ್ತಿದ್ದ.

ಕಾಗೆ ಒಂದು ಸಲ ಕುಕ್ಕಿತು. ಇವನು ಎಡಗೈಯಲ್ಲಿ ಅದನ್ನು ಓಡಿಸಿ ಬಲಗೈಯಲ್ಲಿ ತಿದ್ದುವುದನ್ನು ಮುಂದುವರಿಸಿದ.

ಚಿಕ್ಕನಾಯಕನಹಳ್ಳಿಯ ಖಾಸಗಿ ಹೈಸ್ಕೂಲೊಂದರಲ್ಲಿ ಅವನು ಇಂಗ್ಲಿಷ್ ಮೇಷ್ಟ್ರು. ವಯಸ್ಸು ಮೂವತ್ತೈದು. ಹೋಟೆಲಿನ ತಿಂಡಿ ಪಟ್ಟಿ, ಟ್ರ್ಯಾಕ್ಟರಿನ ಹಿಂದಿನ ಬರಹ, ಲಗ್ನಪತ್ರಿಕೆ, ಏನು ಸಿಕ್ಕಿದರೂ ಕೆಂಪು ಸುತ್ತು ಹಾಕದೆ ಬಿಟ್ಟವನಲ್ಲ. ಹನ್ನೊಂದು ಹೆಣ್ಣುಗಳ ಬಯೋಡೇಟಾಗಳನ್ನು ಸ್ಪೆಲಿಂಗ್ ಸರಿಯಿಲ್ಲವೆಂದು ತಿದ್ದಿ ವಾಪಸು ಕಳಿಸಿದ್ದ. ಹನ್ನೆರಡನೆಯದು ಬೋರನಕಣಿವೆ ಅಣೆಕಟ್ಟಿನ ಹತ್ತಿರದ ಯೋಗಿತಾಳದು. ಅದರಲ್ಲಿ ಒಂದೂ ತಪ್ಪಿರಲಿಲ್ಲ. ಹುಡುಗಿ ನೋಡಲು ಹೋದಾಗ ಅವಳು ಕಾಫಿ ತಂದುಕೊಟ್ಟರೆ, ಇವನು ಐದು ಪದ ಕೇಳಿದ. ಐದನ್ನೂ ಸರಿಯಾಗಿ ಹೇಳಿದಳು. ಅಂದಿನಿಂದ ಅವಳ ಪ್ರತಿ ಮೆಸೇಜನ್ನೂ ಪರೀಕ್ಷೆ ಮಾಡಿ 'ಗುಡ್' ಎಂದು ವಾಪಸು ಕಳಿಸುತ್ತಿದ್ದ. ಅವನ ಪ್ರಕಾರ ಅದು ಪ್ರೇಮ. ಇವತ್ತು ಸಂಜೆ ತಾಯಿಯನ್ನು ಕರೆದುಕೊಂಡು ಹೋಗಿ ಲಗ್ನದ ಮಾತು ಮುಗಿಸಿ ಬರುವುದಿತ್ತು.

ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದ ಅವನ ತಾಯಿ ಹೊಂಬಾಳಮ್ಮ ಕಾಗೆಯನ್ನು ನೋಡಿದರು. ರಂಗೋಲಿ ಬಟ್ಟಲು ಕೈಯಿಂದ ಜಾರಿತು. ಮಗನಿಗೆ ಒಂದು ಮಾತೂ ಹೇಳದೆ, ಬಾಯಿಗೆ ಸೆರಗು ಒತ್ತಿಕೊಂಡು ಪಕ್ಕದ ಮನೆಯ ಹುಚ್ಚರಂಗಯ್ಯನವರ ಜಗಲಿ ಹತ್ತಿದರು.

ಒಂಬತ್ತಕ್ಕೆ ರೇಣುಕಪ್ರಸಾದ್ ಮನೆಯಿಂದ ಹೊರಬಿದ್ದಾಗ ಬೀದಿ ಸರಿಯಿರಲಿಲ್ಲ. ಏನು ಸರಿಯಿಲ್ಲ ಅಂತ ಬೆರಳಿಟ್ಟು ತೋರಿಸುವ ಹಾಗಿರಲಿಲ್ಲ. ದಿನಾ ಬೊಗಳುವ ನಾಯಿ ಬೊಗಳಲಿಲ್ಲ, ಬಾಲ ಮಡಿಚಿಕೊಂಡು ಚರಂಡಿಯ ಕಲ್ಲಿನ ಕೆಳಗೆ ಹೋಯಿತು. ಬಟ್ಟೆ ಹರವುತ್ತಿದ್ದ ಹೆಂಗಸೊಬ್ಬಳು ಇವನನ್ನು ನೋಡಿ ಒದ್ದೆ ಸೀರೆಯನ್ನು ಹಾಗೇ ಬಿಟ್ಟು ಒಳಗೆ ಓಡಿದಳು. ಒಂದಾದ ಮೇಲೆ ಒಂದು ಬಾಗಿಲು, ಯಾರೋ ಎಣಿಸಿಕೊಂಡು ಮುಚ್ಚಿದ ಹಾಗೆ, ಟಪ್, ಟಪ್, ಟಪ್ ಎಂದು ಮುಚ್ಚಿಕೊಂಡವು. ಸಿನಿಮಾದಲ್ಲಾದರೆ ಇಂಥ ಕಡೆ ಪಿಟೀಲು ಕುಯ್ಯುತ್ತಾರೆ. ಇಲ್ಲಿ ಅದೂ ಇರಲಿಲ್ಲ.

ಪುನೀತನ ಟೀ ಅಂಗಡಿಯಲ್ಲಿ ನಾಲ್ಕು ಜನ ಕೂತಿದ್ದರು. ಇವನು ಬೆಂಚಿಗೆ ಬಂದ ಕೂಡಲೇ ನಾಲ್ವರೂ ಅರ್ಧ ಟೀ ಬಿಟ್ಟು ಎದ್ದರು.

"ಒಂದು ಟೀ ಹಾಕಪ್ಪ ಪುನೀತ."

ಪುನೀತ ಗ್ಲಾಸನ್ನು ಕೈಗೆ ಕೊಡಲಿಲ್ಲ. ಬೆಂಚಿನ ಆ ತುದಿಗಿಟ್ಟು ಮೂರು ಹೆಜ್ಜೆ ಹಿಂದಕ್ಕೆ ಸರಿದ.

"ಸಕ್ಕರೆ ಕಮ್ಮಿ ತಾನೇ?"

"ಇನ್ನೇನ್ ಶುಗರ್ ಭಯ ಸಾ ನಿಮ್ಗೆ. ಕುಡೀರಿ."

"ಯಾಕೋ ಹಂಗೆ ಕೆಳಗೆ ನೋಡ್ತೀಯ?"

"ನಿಮ್ ಕಾಲು ನೋಡ್ತಿದ್ದೆ ಸಾ. ಮುಂದಕ್ಕೇ ಅವೆ." ಪುನೀತ ಕೈಮುಗಿದ. "ಸಾ, ನಾನೇನಾರ ತಪ್ಪು ಮಾಡಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಬೋರ್ಡಲ್ಲಿ 'ಕಾಫಿ' ಅಂತ ನೀವು ಹೇಳ್ದಂಗೇ ಬರೆಸ್ತೀನಿ. ಈ ಕಡೆ ಮಾತ್ರ ಬರ್ಬೇಡಿ. ಹೆಂಡ್ತಿಗೆ ಆರು ತಿಂಗ್ಳು."

ರೇಣುಕಪ್ರಸಾದನಿಗೆ ಬೆನ್ನಿನಲ್ಲಿ ಏನೋ ತಣ್ಣಗೆ ಇಳಿದಂತಾಯಿತು. ಟೀ ಕುಡಿಯದೆ ಎದ್ದ.

ಶಾಲೆಯ ಗೇಟಿಗೆ ಬೀಗ. ಗೇಟಿಗೆ ಅಂಟಿಸಿದ್ದ ಇಂಗ್ಲಿಷ್ ನೋಟೀಸಿನಲ್ಲಿ ಮೊದಲ ಸಲ ಓದಿದಾಗ ಅವನಿಗೆ ನಾಲ್ಕು ಸ್ಪೆಲಿಂಗ್ ತಪ್ಪು ಕಂಡವು. ಮಾರ್ಕರ್ ತೆಗೆದು ತಿದ್ದಿದ. ಎರಡನೇ ಸಲ ಓದಿದಾಗ ವ್ಯಾಕರಣದ ತಪ್ಪುಗಳು ಕಂಡವು, ಅವನ್ನೂ ತಿದ್ದಿದ. ಮೂರನೇ ಸಲ ಓದಿದಾಗ ತನ್ನ ಹೆಸರು ಕಂಡಿತು. ಇಂಗ್ಲಿಷ್ ಶಿಕ್ಷಕ ರೇಣುಕಪ್ರಸಾದ್ ಅವರ ಅಕಾಲ ಮರಣದ ಪ್ರಯುಕ್ತ ಇಂದು ಶಾಲೆಗೆ ರಜೆ.

ಪಕ್ಕದ ಮೈದಾನದಲ್ಲಿ ಅವನ ಒಂಬತ್ತನೇ ಕ್ಲಾಸಿನ ಮಕ್ಕಳು ರಜೆಯನ್ನು ಕ್ರಿಕೆಟ್ ಆಡಿ ಆಚರಿಸುತ್ತಿದ್ದರು. ಬಾಲು ಉರುಳುತ್ತಾ ಬಂದು ಅವನ ಬೂಟಿಗೆ ತಾಗಿ ನಿಂತಿತು. ಮೈದಾನ ಗಪ್ಪೆಂದಿತು. ಯಾರೂ ಬಾಲು ಕೇಳಲಿಲ್ಲ. ಬ್ಯಾಟು ನೆಲಕ್ಕೆ ಬಿದ್ದ ಸದ್ದು ಒಂದೇ.

"ಇವತ್ತು ಟೆಸ್ಟ್ ಇತ್ತು ಕಣ್ಲಾ," ಎಂದು ಒಬ್ಬ ಪಿಸುಗುಟ್ಟಿದ. "ಮಿಸ್ ಮಾಡಕ್ಕೆ ಮನಸ್ಸು ಬಂದಿಲ್ಲ ಮೇಷ್ಟ್ರಿಗೆ."

ಮರುಕ್ಷಣ ಮೈದಾನ ಖಾಲಿ. ಸ್ಟಂಪುಗಳು ಮಾತ್ರ ನಿಂತಿದ್ದವು.

ರೇಣುಕಪ್ರಸಾದ್ ಬೆಳಗಿನ ಹೊತ್ತು ಫೋನ್ ಆಫ್ ಮಾಡಿಯೇ ಇಡುತ್ತಿದ್ದ. ಖಾಲಿ ಹೊಟ್ಟೆಯಲ್ಲಿ ಊರವರ ಸ್ಪೆಲಿಂಗ್ ನೋಡಿದರೆ ಗ್ಯಾಸ್ಟ್ರಿಕ್ ಆಗುತ್ತಿತ್ತು. ಈಗ ಆನ್ ಮಾಡಿದ. 'ನಮ್ಮೂರು ನಮ್ಮೋರು' ಗ್ರೂಪಿನಲ್ಲಿ ನಾನೂರ ಹನ್ನೆರಡು ಜನ. ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯ ದಯಾನಂದ ಎಂಟು ಗಂಟೆ ಹನ್ನೆರಡು ನಿಮಿಷಕ್ಕೆ ಇವನ ಸಾವನ್ನು ಇಂಗ್ಲಿಷಿನಲ್ಲಿ ಹಾಕಿದ್ದ. ಮೂರು ಸಾಲು, ಎಂಟು ತಪ್ಪು. ಕೆಳಗೆ ನೂರ ಅರವತ್ತೇಳು ಆರ್‌ಐಪಿ.

ಬೇರೆ ಯಾರಾದರೂ ಆಗಿದ್ದರೆ 'ನಾನು ಬದುಕಿದ್ದೀನಿ ಕಣ್ರೀ' ಎಂದು ಕನ್ನಡದಲ್ಲಿ ಒಂದು ಸಾಲು ಹಾಕಿ ಸುಮ್ಮನಾಗುತ್ತಿದ್ದರು. ರೇಣುಕಪ್ರಸಾದ್ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು, ಇಪ್ಪತ್ತು ನಿಮಿಷ ತೆಗೆದುಕೊಂಡು, ಇಂಗ್ಲಿಷಿನಲ್ಲಿ ಮೂರು ಪ್ಯಾರಾ ಬರೆದ. ಮೊದಲ ಪ್ಯಾರಾದಲ್ಲಿ ಈ ಸೀಮೆಯ ಇಂಗ್ಲಿಷಿಗೆ ಒದಗಿದ ಗತಿಯ ಬಗ್ಗೆ ತೀವ್ರ ವಿಷಾದ. ಎರಡನೆಯದರಲ್ಲಿ ದಯಾನಂದನ ಎಂಟು ತಪ್ಪುಗಳು ಮತ್ತು ಅವುಗಳ ಸರಿ ರೂಪ. ಮೂರನೆಯದರ ಕಟ್ಟಕಡೆಯ ವಾಕ್ಯದಲ್ಲಿ, ತಾನು ಜೀವಂತವಾಗಿದ್ದೇನೆ ಎಂಬ ವಿಷಯ. ಅಲ್ಪವಿರಾಮಗಳನ್ನು ಮತ್ತೊಮ್ಮೆ ನೋಡಿ ಕಳಿಸಿದ.

ಮೊದಲ ಉತ್ತರ ನಾಲ್ಕು ಸೆಕೆಂಡಿಗೆ ಬಂತು. ಆರ್‌ಐಪಿ. ಆಮೇಲೆ ಕೈಮುಗಿದ ಚಿತ್ರ. ಆಮೇಲೆ ಓಂ ಶಾಂತಿ. ಆಮೇಲೆ ಇನ್ಯಾರೋ, 'ಮನೆಯವರು ಅವರ ಫೋನಿಂದ ಹಾಕಿರೋದು ಅನ್ಸುತ್ತೆ, ಎಷ್ಟು ಮನಮುಟ್ಟುವಂತೆ ಬರೆದಿದ್ದಾರೆ' ಎಂದು ಬರೆದರು. ಅದಕ್ಕೆ ನಲವತ್ತು ಹೃದಯ ಬಿದ್ದವು.

ಬಸ್‌ಸ್ಟ್ಯಾಂಡ್ ಸರ್ಕಲ್ಲಿಗೆ ಬರುವ ಹೊತ್ತಿಗೆ ಫ್ಲೆಕ್ಸ್ ಕಟ್ಟಿಯಾಗಿತ್ತು. ಹತ್ತಡಿ ಎತ್ತರದಲ್ಲಿ ಅವನದೇ ಮುಖ. ಐಡಿ ಕಾರ್ಡಿನ ಫೋಟೋವನ್ನು ಎಳೆದು ದೊಡ್ಡದು ಮಾಡಿದ್ದರಿಂದ ಕಣ್ಣುಗಳು ಮಸುಕಾಗಿ, ಎಲ್ಲಿ ನಿಂತರೂ ಅಲ್ಲಿಗೇ ನೋಡುತ್ತಿದ್ದವು. ಗಾಳಿಗೆ ಫ್ಲೆಕ್ಸ್ ಉಬ್ಬುತ್ತಿತ್ತು, ತಗ್ಗುತ್ತಿತ್ತು. ಮೇಲೆ ಸತ್ತ ರೇಣುಕಪ್ರಸಾದ್ ನಿಧಾನಕ್ಕೆ ಉಸಿರಾಡುತ್ತಿದ್ದ. ಕೆಳಗೆ ಬದುಕಿದ್ದ ರೇಣುಕಪ್ರಸಾದ್ ಉಸಿರು ಹಿಡಿದು ನಿಂತಿದ್ದ. ಇಬ್ಬರಲ್ಲಿ ಅಸಲಿ ಯಾರು ಎಂದು ಒಂದು ಗಳಿಗೆ ಅವನಿಗೇ ಅನುಮಾನ ಬಂತು. ತನ್ನ ಮೊಣಕೈಯನ್ನು ತಾನೇ ಚಿವುಟಿಕೊಂಡ. ನೋವಾಯಿತು. ಆದರೆ ಸತ್ತವರಿಗೆ ನೋವಾಗುವುದಿಲ್ಲ ಎಂದು ಯಾರು ಬಂದು ಹೇಳಿದ್ದಾರೆ.

ಆಗ ಅವನ ಕಣ್ಣು ಫೋಟೋದ ಕೆಳಗಿನ ಇಂಗ್ಲಿಷ್ ಸಾಲಿಗೆ ಬಿತ್ತು. ಮೂರು ತಪ್ಪು. ಸಾವು, ಸರ್ಕಲ್ಲು, ಜನ ಎಲ್ಲ ಮರೆತುಹೋಯಿತು. ಕಟ್ಟೆ ಹತ್ತಿ ಮಾರ್ಕರ್ ತೆಗೆದ.

ಕೊಬ್ಬರಿ ಮೂಟೆ ಹೇರುತ್ತಿದ್ದವರು ಮೂಟೆಯನ್ನು ಬೆನ್ನ ಮೇಲೇ ಇಟ್ಟುಕೊಂಡು ನಿಂತುಬಿಟ್ಟರು. ಬಸ್ಸಿನ ಕಿಟಕಿಗಳಲ್ಲಿ ತಲೆಗಳು ಸಾಲಾಗಿ ಮೂಡಿದವು. ಹಾಡಹಗಲಲ್ಲಿ, ಸತ್ತ ಮೇಷ್ಟ್ರು, ತನ್ನ ಶ್ರದ್ಧಾಂಜಲಿಯನ್ನು ತಾನೇ ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದರು. ಯಾರೂ ಉಸಿರೆತ್ತಲಿಲ್ಲ. ಮೂವತ್ತು ಜನ ವಿಡಿಯೋ ಮಾಡಿದರು.

ಜೆರಾಕ್ಸ್ ಅಂಗಡಿಯಿಂದ ದಯಾನಂದ ಓಡಿಬಂದು ಅವನ ಪ್ಯಾಂಟು ಹಿಡಿದೆಳೆದ.

"ಸಾ, ಇಳೀರಿ ಸಾ. ಎಲ್ಲಾ ಹಾಳ್ ಮಾಡ್ತೀರ. ಹೋಗಿ ಮನೇಲಿ ಸತ್ತಂಗೆ ಇರಿ."

"ನಿನ್ನ ಮೂರು ಸಾಲಲ್ಲಿ ಎಂಟು ತಪ್ಪು ಕಣಯ್ಯ."

"ತಪ್ಪು ಎಂಟಲ್ಲ ಸಾ, ಒಂದೇ. ನಿಮ್ಮಮ್ಮ ಹೇಳಿದ್ದು ತುರುವೇಕೆರೆ ನಿಮ್ ಮಾವನೊಬ್ಬರಿಗೇ ಕಳ್ಸು ಅಂತ. ಬೆರಳು ಜಾರಿ ಗ್ರೂಪಿಗೆ ಹೋಯ್ತು. ಮೇಷ್ಟ್ರ ಸಾವಲ್ವಾ ಅಂತ ಮರ್ಯಾದೆಗೆ ಇಂಗ್ಲಿಷಲ್ಲಿ ಬರೆದೆ."

ಮನೆಯಲ್ಲಿ ಹೊಂಬಾಳಮ್ಮನೂ ಹುಚ್ಚರಂಗಯ್ಯನವರೂ ಅಟ್ಟದ ಕೆಳಗೆ ಕೂತಿದ್ದರು. ವರ್ಷದಿಂದ ಅಟ್ಟದ ಮೇಲೆ ಒಣಗುತ್ತಿದ್ದ ತೆಂಗಿನಕಾಯಿಗಳೊಳಗೆ ಕೊಬ್ಬರಿ ಕರಟ ಬಿಟ್ಟಿತ್ತು. ಇಲಿ ಓಡಿದರೆ ಸಾಕು, ಯಾರೋ ಮೇಲೆ ಹಲ್ಲು ಕಡಿದಂತೆ ಲೊಟಲೊಟ ಎನ್ನುತ್ತಿತ್ತು.

"ಕಾಗೆ ತಲೆ ಮೇಲೆ ಕುಂತ್ರೆ ಏನು ಅಂತ ಗೊತ್ತಾ ನಿಂಗೆ?" ಹುಚ್ಚರಂಗಯ್ಯ ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿದರು. ಎಂಬತ್ತು ದಾಟಿದ ಮನುಷ್ಯ. "ಸಾವಿನ ಓಲೆ ಅದು. ಅದಕ್ಕೆ ಮೊದಲಿಂದ ಒಂದು ದಾರಿ ಐತೆ. ಸತ್ತೋದ ಅಂತ ನೆಂಟ್ರಿಗೆ ಸುಳ್ಳು ಸುದ್ದಿ ಕಳಿಸ್ಬೇಕು. ಅವ್ರು ಅಳ್ಬೇಕು. ಕಣ್ಣೀರು ಬಿತ್ತು ಅಂದ್ರೆ ಸಾವು ಮುಗೀತು, ಲೆಕ್ಕ ಚುಕ್ತಾ. ಆಮೇಲೆ ನಿಜ ಹೇಳಿ ತಲೆಗೆ ಎಣ್ಣೆ ನೀರು."

"ಮೂಢನಂಬಿಕೆ," ಎಂದ ರೇಣುಕಪ್ರಸಾದ್. ಮೇಲೆ ಲೊಟಲೊಟ ಎಂದಿತು. ಸ್ವಲ್ಪ ಹುಚ್ಚರಂಗಯ್ಯನ ಕಡೆಗೇ ಸರಿದು ಕೂತ. "ಅಳದೇ ಹೋದ್ರೆ?"

"ಹೊತ್ತು ಮುಳುಗೋದ್ರೊಳಗೆ ಯಾರೂ ಅಳದೇ ಹೋದ್ರೆ, ಹೇಳಿದ ಸುಳ್ಳು ನಿಜ ಆಯ್ತದೆ."

"ಅಮ್ಮ, ನೀನೇ ಅತ್ತುಬಿಡು ಮತ್ತೆ."

"ಬೆಳಿಗ್ಗೆಯಿಂದ ಅಳ್ತಾನೇ ಇವ್ನಿ ಕಣಪ್ಪ."

"ಹೆತ್ತೋಳ ಅಳು ಲೆಕ್ಕಕ್ಕಿಲ್ಲ," ಎಂದರು ಹುಚ್ಚರಂಗಯ್ಯ. "ಹೆತ್ತೋರು ದಿನಾ ಅಳ್ತಾರೆ."

"ನಾನು ಗ್ರೂಪಲ್ಲಿ ಬದುಕಿದ್ದೀನಿ ಅಂತ ಬರೆದುಬಿಟ್ಟೆ ಅಮ್ಮ."

ಹೊಂಬಾಳಮ್ಮನ ಮುಖ ಬಿಳಿಚಿತು. "ಯಾವ ಭಾಷೇಲಿ ಬರೆದೆ?"

"ಇಂಗ್ಲಿಷಲ್ಲಿ."

"ಬದುಕಿದೆ," ಎಂದು ಅವರು ನಿಟ್ಟುಸಿರು ಬಿಟ್ಟರು. "ನಿನ್ನ ಇಂಗ್ಲಿಷು ಒಂದು ದಿನಕ್ಕಾದ್ರೂ ಉಪಯೋಗಕ್ಕೆ ಬಂತು ಬುಡು."

ಲೌಡ್‌ಸ್ಪೀಕರ್ ಹಾಕಿ ತುರುವೇಕೆರೆಯ ಮಾವ ಮಲ್ಲಿಕಾರ್ಜುನಯ್ಯನವರಿಗೆ ಫೋನು ಮಾಡಿದರು. ಅವರು ತಿಪಟೂರಿನ ಕೊಬ್ಬರಿ ಹರಾಜಿನಲ್ಲಿದ್ದರು.

"ನೋಡಿದೆ ಕಣಕ್ಕಾ, ನೋಡಿದೆ. ತುಂಬಾ ಬೇಜಾರಾಯ್ತು. ಆರ್‌ಐಪಿ ಹಾಕಿವ್ನಿ."

"ಅಳು ಬಂತೇನಪ್ಪ?"

"ಏನು? ಇಲ್ಲಿ ಗದ್ದಲ. ರೇಟ್ ಕೂಗ್ತಾವ್ರೆ. ಹರಾಜು ಮುಗಿಸ್ಕಂಡು ನಾಳೆ ಬಂದು ನಿಧಾನಕ್ಕೆ ಅಳ್ತೀನಿ ಕಣಕ್ಕಾ."

ಫೋನು ಕಟ್ಟಾಯಿತು. ಚಿಕ್ಕಪ್ಪನ ಮಗಳು ಸ್ಟೇಟಸ್ಸಿನಲ್ಲಿ ಶೋಕಗೀತೆ ಹಾಕಿ, ಅದರ ಮುಂದಿನದರಲ್ಲಿ ಮೆಹಂದಿ ಹಾಕಿದ್ದಳು. ಅತ್ತೆಯೊಬ್ಬರು ಅಳುವ ಮುಖಗಳನ್ನು ಸಾಲಾಗಿ ಹನ್ನೆರಡು ಕಳಿಸಿದ್ದರು. ಹೊಂಬಾಳಮ್ಮ ಆಸೆಯಿಂದ ಫೋನನ್ನು ಹುಚ್ಚರಂಗಯ್ಯನವರ ಮುಂದೆ ಹಿಡಿದರು.

"ಇದು ಆಗಲ್ವೇ?"

ಹುಚ್ಚರಂಗಯ್ಯ ಸ್ಕ್ರೀನನ್ನು ಬೆರಳಲ್ಲಿ ಸವರಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. "ಒಣಗೈತೆ."

ಮಧ್ಯಾಹ್ನ ಮೂರಾಯಿತು. ಆರ್‌ಐಪಿಗಳು ಮುನ್ನೂರು ದಾಟಿದವು. ಕಣ್ಣೀರು ಸೊನ್ನೆ. ಯಾರ ಮನೆಯ ಯಾವ ಕಾರ್ಯಕ್ಕೂ ತಪ್ಪಿಸದೆ ಹೋಗಿ ಲಗ್ನಪತ್ರಿಕೆ ತಿದ್ದಿಕೊಟ್ಟು ಬಂದಿದ್ದ ಮನುಷ್ಯ. ಮುನ್ನೂರು ಜನರಲ್ಲಿ ಒಬ್ಬನಿಗಾದರೂ ಒಂದು ತೊಟ್ಟು ಬರಲಿಲ್ಲವಲ್ಲ ಎಂದು ಕೂತು ಯೋಚಿಸಿದ. ಬೆನ್ನಿನಲ್ಲಿ ಆ ತಣ್ಣನೆಯದು ಇನ್ನೂ ಸ್ವಲ್ಪ ಕೆಳಗಿಳಿಯಿತು.

"ರಕ್ತಸಂಬಂಧವೇ ಆಗ್ಬೇಕು ಅಂತಿಲ್ಲ," ಎಂದರು ಹುಚ್ಚರಂಗಯ್ಯ ಬಹಳ ಹೊತ್ತಾದ ಮೇಲೆ. "ಸಂಬಂಧ ಆಗೋರು ಅತ್ರೂ ನಡೀತದೆ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯೋಗಿತಾ," ಎಂದ ರೇಣುಕಪ್ರಸಾದ್, ಹೀರೋ ಕೊನೆಯ ರೀಲಿನಲ್ಲಿ ಹೇಳುವ ಹಾಗೆ.

"ಹಿತ್ಲಿಂದ ಹೋಗು ಕಣಪ್ಪ," ಎಂದರು ಹೊಂಬಾಳಮ್ಮ. "ಅವ್ರ ಕಣ್ಣಿಗೆ ಬೀಳ್ಬೇಡ. ಮರೇಲಿ ನಿಂತು ನೋಡು. ಅತ್ತ ಕೂಡಲೇ ಫೋನ್ ಮಾಡು, ನಾನು ನೀರೊಲೆ ಹಚ್ತೀನಿ."

ಹುಳಿಯಾರು ಬಸ್ಸಿನಲ್ಲಿ ಇವನು ಹತ್ತಿದ ಮೇಲೆ ಹಿಂದಿನ ಬಾಗಿಲಿಂದ ಒಂಬತ್ತು ಜನ ಇಳಿದರು. ಉಳಿದವರು ಮುಂದಿನ ಸೀಟುಗಳಿಗೆ ಒತ್ತಿಕೊಂಡರು. ಮಧ್ಯದಲ್ಲಿ ಒಬ್ಬನೇ ಕೂತ ಇವನ ಸುತ್ತ ಆರು ಸಾಲು ಖಾಲಿ. ಇವನು ನೂರರ ನೋಟು ಹಿಡಿದರೂ ಕಂಡಕ್ಟರ್ ಚಿತ್ತೇಶ ಹತ್ತಿರ ಬರಲಿಲ್ಲ.

"ಟಿಕೆಟ್ ಕೊಡಪ್ಪ."

"ಮೆಷಿನ್ನಲ್ಲಿ ಫುಲ್ಲು, ಹಾಫು, ಲಗೇಜು ಮೂರೇ ಆಪ್ಷನ್ ಸಾ," ಎಂದ ಚಿತ್ತೇಶ ದೂರದಿಂದಲೇ. "ನಿಮ್ದು ಯಾವ್ದುಕ್ಕೂ ಬರಲ್ಲ. ಸುಮ್ನೆ ಕುಂತ್ಕಳಿ."

ಇಳಿದಾಗ ಹೊತ್ತು ವಾಲಿತ್ತು. ಬೋರನಕಣಿವೆಯ ನೀರಿನ ಮೇಲೆ ಸೂರ್ಯ ಒಂದು ಮಾರು ಉಳಿದಿದ್ದ. ಯೋಗಿತಾಳ ಮನೆ ತೋಟದ ನಡುವೆ. ಹಿಂದಿನ ಕಡೆಯಿಂದ ಇವನು ತೆಂಗಿನ ಸಾಲಿನೊಳಗೆ ನುಗ್ಗಿದ. ಒಣಗಿದ ಗರಿಯೊಂದು ಎತ್ತರದಿಂದ ಕಳಚಿ, ಯಾರೋ ಸೀರೆ ಸರಿಸಿಕೊಂಡು ಬಂದಂತೆ ಸರಸರನೆ ಇಳಿದು ಇವನ ಹಿಂದೆಯೇ ಬಿತ್ತು. ತಿರುಗಿ ನೋಡಿದ. ಯಾರೂ ಇಲ್ಲ. ಅವನ ನೆರಳು ಮಾತ್ರ ಇಪ್ಪತ್ತು ಮರದುದ್ದ ಮಲಗಿತ್ತು. ನೆರಳಿದೆಯಲ್ಲ, ಇನ್ನೂ ಇದ್ದೇನೆ, ಎಂದು ಧೈರ್ಯ ತಂದುಕೊಂಡ. ಆದರೆ ಇನ್ನು ಹತ್ತು ನಿಮಿಷದಲ್ಲಿ ನೆರಳೂ ಇರುವುದಿಲ್ಲ.

ಅಡಿಗೆಮನೆಯ ಕಿಟಕಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಕತ್ತು ಚಾಚಿ ಒಳಗೆ ಇಣುಕಿದ. ಯೋಗಿತಾಳೂ ಅವಳ ತಾಯಿ ವನಜಾಕ್ಷಿಯೂ ನೆಲದ ಮೇಲೆ ಕೂತು ಏನೋ ಬಿಡಿಸುತ್ತಿದ್ದರು. ಈರುಳ್ಳಿಯಲ್ಲ ತಾನೇ ಎಂದು ಕಣ್ಣು ಕಿರಿದು ಮಾಡಿ ನೋಡಿದ. ಅವರೆಕಾಯಿ. ಸರಿ, ಬಂದರೆ ಅಸಲಿ ಕಣ್ಣೀರೇ.

ಆದರೆ ಯೋಗಿತಾ ಮೆಲ್ಲಗೆ ಏನೋ ಗುನುಗುತ್ತಿದ್ದಳು.

"ಲಗ್ನದ ಮಾತಿಗೆ ಬರ್ಬೇಕಾದೋನು ಹಿಂಗಾಗೋದ. ಒಂದ್ ತೊಟ್ಟು ಕಣ್ಣೀರು ಹಾಕ್ಬಾರ್ದೇನೇ," ಎಂದರು ವನಜಾಕ್ಷಿ. "ನೋಡ್ದೋರು ಏನಂದಾರು."

"ಬಂದ್ರೆ ಹಾಕ್ತೀನಿ ಕಣಮ್ಮ. ಬರಲಿಲ್ಲ ಅಂದ್ರೆ ಏನ್ ಮಾಡ್ಲಿ."

"ಆಗ್ಲೇ ದೆವ್ವ ಆಗವ್ನಂತೆ. ಅವನ ಫೋಟೋದ ಕೆಳಗಿದ್ದ ಬರಹನೆಲ್ಲಾ ತಿದ್ದುತಾ ಇದ್ನಂತೆ, ವಿಡಿಯೋ ಬಂದೈತೆ."

"ಹಂಗಾರೆ ಅವ್ರೇ ಬುಡು. ಡೌಟೇ ಇಲ್ಲ."

ಸೂರ್ಯನ ಕೆಳಗಿನ ಅಂಚು ನೀರಿಗೆ ತಾಗಿತು. ಕಿಟಕಿಯ ಕೆಳಗೆ ರೇಣುಕಪ್ರಸಾದನ ಹಲ್ಲುಗಳು ತಾವಾಗಿಯೇ ಕಟಕಟ ಎಂದವು. ಅಳೇ ತಾಯಿ, ಅಳು, ಎಂದು ಮನಸ್ಸಿನಲ್ಲೇ ಬೇಡಿಕೊಂಡ.

"ಇದೇನೋ ಇಂಗ್ಲಿಷಲ್ಲಿ ಉದ್ದಕ್ಕೆ ಬಂದೈತೆ ನೋಡು," ವನಜಾಕ್ಷಿ ಫೋನನ್ನು ಮಗಳ ಕಡೆ ತಳ್ಳಿದರು. "ಅವರ ಮನೆಯವ್ರು ಹಾಕಿರೋದಂತೆ. ನಿಮ್ಮಪ್ಪ ಓದಿದೆ ಅಂದ್ರು, ಸುಳ್ಳು. ತಿಥಿ ಯಾವತ್ತು ಅಂತ ಬರ್ದವ್ರಾ ನೋಡು, ಹೋಗದೆ ಇರಕ್ಕಾಗಲ್ಲ."

ಯೋಗಿತಾ ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು. ಗಟ್ಟಿಯಾಗಿ ಓದತೊಡಗಿದಳು.

ರೇಣುಕಪ್ರಸಾದನ ರೋಮ ನಿಮಿರಿತು. ಅವನದೇ ಮಾತು, ಅವನದೇ ವಾಕ್ಯ, ಸಂಜೆಯ ಮಬ್ಬಿನಲ್ಲಿ ಅವಳ ದನಿಯಲ್ಲಿ ಬರುತ್ತಿತ್ತು. ನಿಲ್ಲಬೇಕಾದ ಕಡೆ ನಿಲ್ಲುತ್ತಿದ್ದಳು. ಒಂದು ಉಚ್ಚಾರವೂ ತಪ್ಪಲಿಲ್ಲ. ಮೊದಲ ಪ್ಯಾರಾ ಮುಗಿಯಿತು. ದಯಾನಂದನ ಎಂಟು ತಪ್ಪುಗಳನ್ನು ಒಂದೊಂದಾಗಿ ದಾಟಿದಳು. ಮೂರು ತಾಲ್ಲೂಕಿನಲ್ಲಿ, ನಾನೂರ ಹನ್ನೆರಡು ಜನರಲ್ಲಿ ಯಾರೂ ಓದದ್ದನ್ನು ಇವಳೊಬ್ಬಳು ಕೊನೆಯವರೆಗೆ ಓದುತ್ತಿದ್ದಾಳೆ. ಅವನ ಕಣ್ಣಲ್ಲೇ ನೀರು ಬಂತು. ಅದು ಲೆಕ್ಕಕ್ಕಿಲ್ಲ ಎಂದು ತಟ್ಟನೆ ಒರೆಸಿಕೊಂಡ.

ಮೂರನೇ ಪ್ಯಾರಾದ ಕೊನೆಗೆ ಬಂದವಳ ದನಿ ನಿಂತಿತು.

ತೋಟದಲ್ಲಿ ಒಂದು ಗರಿಯೂ ಅಲುಗಲಿಲ್ಲ.

ಆಮೇಲೆ ಒಂದು ಬಿಕ್ಕು ಕೇಳಿತು. ಇನ್ನೊಂದು. ಆಮೇಲೆ ಅಣೆಕಟ್ಟಿನ ತೂಬು ಎತ್ತಿದಂತೆ, ಎದೆ ಬಿರಿದುಹೋಗುವ ಹಾಗೆ, ಯೋಗಿತಾ ಅತ್ತಳು. ಮೊರದಲ್ಲಿದ್ದ ಅವರೆಕಾಳಿನ ಮೇಲೆ ಟಪಟಪನೆ ಕಣ್ಣೀರು ಬಿದ್ದದ್ದು ಕಿಟಕಿಯಾಚೆಗೂ ಕಾಣುತ್ತಿತ್ತು. ಸೂರ್ಯನ ತುದಿ ಇನ್ನೂ ನೀರಿನ ಮೇಲಿತ್ತು.

ರೇಣುಕಪ್ರಸಾದ್ ಮನೆಗೆ ಫೋನು ಹಚ್ಚಿ ಕಿವಿಗಿಟ್ಟುಕೊಂಡ. ಇನ್ನೊಂದು ಕಿವಿಗೆ ಒಳಗಿನ ಮಾತು ಕೇಳುತ್ತಿತ್ತು.

"ಅಯ್ಯೋ ಕೂಸೇ, ಅಷ್ಟೊಂದು ಇಷ್ಟ ಇತ್ತೇನೇ," ವನಜಾಕ್ಷಿ ಮಗಳ ತಲೆ ಸವರುತ್ತಿದ್ದರು. "ಸಾಕು ಬುಡು. ಎಷ್ಟು ಅತ್ರೂ ಸತ್ತೋನು ಎದ್ದು ಬತ್ತಾನಾ."

"ಬತ್ತಾರೆ ಕಣಮ್ಮ." ಯೋಗಿತಾಳ ದನಿ ಒಡೆದು ಚೂರಾಗಿತ್ತು. "ಬದುಕವ್ರಂತೆ. ಕೊನೇ ಸಾಲಲ್ಲಿ ಬರ್ದವ್ರೆ."

ಮತ್ತೆ ಅಳು ಶುರುವಾಯಿತು, ಮೊದಲಿಗಿಂತ ಜೋರಾಗಿ.

"ಹಲೋ," ಎಂದರು ಆ ಕಡೆಯಿಂದ ಹೊಂಬಾಳಮ್ಮ. "ಹಲೋ, ರೇಣು. ಅತ್ತಳೇನಪ್ಪ?"

ಅವನು ಇನ್ನೊಮ್ಮೆ ಕಿಟಕಿಯೊಳಗೆ ಇಣುಕಿದ.

"ಅತ್ತಳು ಕಣಮ್ಮ. ಇನ್ನೂ ಅಳ್ತಾನೇ ಅವ್ಳೆ."

"ಗೆದ್ದೆ ಬುಡು," ಹೊಂಬಾಳಮ್ಮನ ದನಿ ತುಂಬಿ ಬಂತು. ಹಿಂದಿನಿಂದ ಹುಚ್ಚರಂಗಯ್ಯ ಏನೋ ಕೂಗಿ ಹೇಳುತ್ತಿದ್ದರು. "ತಾತ ಹೇಳ್ತಾವ್ರೆ ಕೇಳು. ಇಂಥ ಕಣ್ಣೀರು ಬಿದ್ರೆ ಸಾವು ಹತ್ರಕ್ಕೂ ಸುಳಿಯಲ್ವಂತೆ. ನನ್ ಮಗನಿಗೆ ನೂರು ವರ್ಷ ಗ್ಯಾರಂಟಿಯಂತೆ."

ಸೂರ್ಯ ಮುಳುಗಿದ. ಕಿಟಕಿಯ ಕೆಳಗಿನ ಕತ್ತಲಲ್ಲಿ ಕೂತು ರೇಣುಕಪ್ರಸಾದ್ ನೂರರಿಂದ ಮೂವತ್ತೈದು ಕಳೆದ. ಇನ್ನೂ ಅರವತ್ತೈದು ವರ್ಷ ಉಳಿದಿತ್ತು.